ಉಕ್ಕವ್ವನ ಕಂದು ಮಚ್ಚೆ

ಭೂಮಿತಾಯಿ ಇನ್ನೂ ಹಸಿ ಬಾಣಂತಿಯಾಗಿದ್ದ ಕಾಲ. ಬೆಟ್ಟಗಳ ಮೈ ಆರಿರಲಿಲ್ಲ, ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ.

ಆ ತಾಯಿಗೆ ಕಬ್ಬಿಣದ ಮೈಯ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಬೆಳ್ಳವ್ವ, ಚಿಕ್ಕವಳು ಉಕ್ಕವ್ವ. ತುಕ್ಕು ಹಿಡಿಯದಿರಲೆಂದು ತಾಯಿ ಇಬ್ಬರಿಗೂ ಒಂದೊಂದು ಹೊಳೆಯುವ ಸೆರಗು ಹೊದಿಸಿದ್ದಳು.

ಬೆಳ್ಳವ್ವ ಮೆತ್ತಗಿನ ಹುಡುಗಿ. ಬಡಿದ ಹಾಗೆ ಬಾಗಿ ಬೋಗುಣಿಯಾದಳು. ದೇವರ ಮುಂದೆ ಹಾಲಿಡಲು ಅವಳೇ ಬೇಕು. ಹೊಳೆ ಅವಳಲ್ಲಿ ಮುಖ ನೋಡಿಕೊಂಡು, "ಎಷ್ಟು ಚೆಂದ ಇದೀಯೇ ಬೆಳ್ಳವ್ವ!" ಎನ್ನುತ್ತಿತ್ತು. ಗಾಳಿ ಅದನ್ನೇ ಊರೆಲ್ಲ ಸಾರುತ್ತಿತ್ತು.

ಉಕ್ಕವ್ವನನ್ನು ಕೇಳುವವರಿಲ್ಲ. ಕಬ್ಬಿಣ ಸೆಳೆಯುವ ಸೂಜಿಗಲ್ಲು ಮಾವನೊಬ್ಬನೇ ಕರೆಯುತ್ತಿದ್ದ; ಕರೆದರೆ ಅವಳು ಓಡಿಹೋಗಿ ಅಪ್ಪಿಕೊಳ್ಳುತ್ತಿದ್ದಳು. ಬೆಳ್ಳವ್ವ ಅವನತ್ತ ತಿರುಗಿಯೂ ನೋಡುತ್ತಿರಲಿಲ್ಲ. ಮಾವನಿಗೂ ಮುಖ ಕೊಡದವಳನ್ನು ಲೋಕವೆಲ್ಲ ಹೊಗಳುತ್ತದಲ್ಲ! ಉಕ್ಕವ್ವನ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು.

ಆಗ ಕಮ್ಮಾರ ಕಾಳಾಚಾರಿಯ ಹೆಂಡತಿ ತುಂಬು ಬಸುರಿ. ಲೋಕದ ಮೊದಲ ಕೂಸು ಹುಟ್ಟಬೇಕಿತ್ತು. ಅದರ ಹೊಕ್ಕುಳಬಳ್ಳಿ ಕೊಯ್ದವರಿಗೆ ದೇವರ ಗೂಡಿನಲ್ಲಿ ಜಾಗ ಎಂದು ಕಾಳಾಚಾರಿ ಹೇಳಿದ್ದ.

"ಆ ಜಾಗ ನನಗೇ ಸಿಗಬೇಕು," ಎಂದುಕೊಂಡಳು ಉಕ್ಕವ್ವ. ಆದರೆ ಅವಳ ಮೈಯಲ್ಲಿ ಗಟ್ಟಿತನವಿಲ್ಲ. ಕುಲುಮೆಯ ಇದ್ದಿಲಣ್ಣನ ಹತ್ತಿರ ಹೋದಳು.

"ಗಟ್ಟಿತನ ಕೊಡ್ತೀನಿ ತಾಯಿ," ಎಂದ ಇದ್ದಿಲಣ್ಣ. "ಆದರೆ ನಿನ್ನೊಳಗೆ ನಾನು ಕೂರೋದು ಎಲ್ಲಿ? ಆ ಸೆರಗಿನ ಒಂದು ಚೂರು ಹರಿದುಕೊಡು, ಹಾಸಿಕೊಳ್ತೀನಿ."

"ಹರಕೋ ಅಣ್ಣ. ಅಕ್ಕನಿಗಿಂತ ಮುಂದಾದರೆ ಸಾಕು!"

ಇದ್ದಿಲಣ್ಣ ಸೇರಿಕೊಂಡ. ಕಾಳಾಚಾರಿ ಅವಳನ್ನು ಕತ್ತಿಯಾಗಿ ಬಡಿದು, ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಾನಿಯ ನೀರಿಗೆ ಅದ್ದಿದ. ಚುಂಯ್ ಅಂತು. ಉಕ್ಕವ್ವ ಕಲ್ಲಿಗಿಂತ ಗಟ್ಟಿಯಾದಳು.

"ಇನ್ನೊಂದು ಸಲ ಸಣ್ಣ ಕಾವಿನಲ್ಲಿ ಕೂತ್ಕೋ ಮಗಳೇ. ಹದ ಬರದಿದ್ರೆ ಮುರೀತೀಯ," ಎಂದ ಕಾಳಾಚಾರಿ.

"ಅಷ್ಟರೊಳಗೆ ಅಕ್ಕ ಆ ಜಾಗ ಹೊಡ್ಕೊಂಡ್ರೆ?" ಎಂದವಳೇ ಹೊರಗೆ ಜಿಗಿದಳು. ತನ್ನ ಜೋರು ತೋರಿಸಲು ತೆಂಗಿನ ಚಿಪ್ಪಿಗೆ ಒಂದೇಟು ಹಾಕಿದಳು. ಚಿಪ್ಪು ಹಾಗೇ ಉಳಿಯಿತು. ಇವಳ ಮೂಗು ಪಟ್ಟನೆ ಮುರಿಯಿತು!

ತಲೆ ತಗ್ಗಿಸಿ ವಾಪಸು ಬಂದಳು. ಕಾಳಾಚಾರಿ ಬೈಯಲಿಲ್ಲ. ಮುರಿದ ತುದಿಯನ್ನು ತಿದ್ದಿ, ಸಣ್ಣ ಕಾವಿನಲ್ಲಿ ಕೂರಿಸಿ, ಹದ ಬಂದ ಮೇಲೆ ಸಾಣೆ ಹಿಡಿದ.

ಕೂಸು ಹುಟ್ಟಿತು. ಸೂಲಗಿತ್ತಿಯಾಗಿ ಬಂದ ದ್ಯಾವಮ್ಮ ಉಕ್ಕವ್ವನನ್ನು ಎತ್ತಿಕೊಂಡಳು. ಒಂದೇ ಎಳೆತಕ್ಕೆ ಬಳ್ಳಿ ಕೊಯ್ದಾಯಿತು. "ಕೂಸಿಗೆ ನೋವೇ ಆಗಲಿಲ್ಲ, ಭಗವಂತ!" ಎಂದು ದ್ಯಾವಮ್ಮ ಅವಳನ್ನು ಕಣ್ಣಿಗೊತ್ತಿಕೊಂಡಳು. ದೃಷ್ಟಿ ತೆಗೆಯುವ ನಿಂಬೆಹಣ್ಣನ್ನೂ ಅವಳಿಂದಲೇ ಕೊಯ್ದಳು. ಉಕ್ಕವ್ವ ಬೀಗಿದಳು.

ಅಷ್ಟರಲ್ಲಿ ಬೆಳ್ಳವ್ವನ ಮಡಿಲಲ್ಲಿದ್ದ ಬೆಚ್ಚನೆ ನೀರಿಗೆ ಇಳಿದದ್ದೇ, ಕೂಸು ಅಳು ನಿಲ್ಲಿಸಿತು. ಎಲ್ಲರೂ ಆ ಕಡೆ ಬಾಗಿದರು.

"ಕೊಯ್ದವಳು ನಾನು, ಮುದ್ದು ಮಾತ್ರ ಅವಳಿಗಾ?"

"ಬಾರೇ ಕತ್ತಿಯಮ್ಮ, ಮೈ ಒರೆಸ್ತೀನಿ," ಎಂದಳು ದ್ಯಾವಮ್ಮ.

"ನಂಗೇನೂ ಬೇಡ. ಅವಳನ್ನೇ ಒರೆಸ್ಕೋ ಹೋಗು!"

ಮುಖ ತಿರುಗಿಸಿ, ಮೈಮೇಲೆ ನಿಂಬೆರಸ ಹಾಗೇ ಇಟ್ಟುಕೊಂಡು ಮಲಗಿದಳು. ಹುಳಿ ಮೆಲ್ಲಗೆ ಸೆರಗು ಹರಿದ ಜಾಗಕ್ಕೆ ಇಳಿಯಿತು. ಬೆಳಗ್ಗೆ ನೋಡಿದರೆ ಕೆನ್ನೆಯ ಮೇಲೊಂದು ಕಂದು ಮಚ್ಚೆ!

"ಅಯ್ಯೋ, ಈ ಮುಖ ಹೊತ್ತು ದೇವರ ಗೂಡಿಗೆ ಹೇಗೆ ಹೋಗಲಿ? ಇನ್ಯಾವತ್ತೂ ಅಕ್ಕನ ಮೇಲೆ ಹೊಟ್ಟೆಕಿಚ್ಚು ಪಡಲ್ಲಪ್ಪ!" ಎಂದು ಅತ್ತಳು.

ಕಾಳಾಚಾರಿ ನಕ್ಕು, ಬೂದಿ ಹಾಕಿ ಮಚ್ಚೆ ಉಜ್ಜಿದ. "ಪಡು ಮಗಳೇ, ಯಾರು ಬೇಡ ಅಂದ್ರು? ಒರೆಸೋಕೆ ಕರೆದಾಗ ಮಾತ್ರ ಬಂದುಬಿಡು," ಎಂದು ಅವಳನ್ನು ಗೂಡಿನಲ್ಲಿಟ್ಟ.

ಡಾಕ್ಟರ ಕೈಯ ಕತ್ತರಿಯೂ ಅಡುಗೆಮನೆಯ ಸ್ಟೀಲ್ ಚಾಕುವೂ ಉಕ್ಕವ್ವನ ಸಂತಾನ, ಸ್ಟೀಲ್ ಪಾತ್ರೆಗಳೆಲ್ಲ ಬೆಳ್ಳವ್ವನದು. ಅದಕ್ಕೇ ಮಕ್ಕಳೇ, ನಿಂಬೆಹಣ್ಣು ಹೆಚ್ಚಿ ಒರೆಸದೆ ಬಿಟ್ಟ ಚಾಕು ಇಂದಿಗೂ ಪಕ್ಕದಲ್ಲಿ ಥಳಥಳಿಸುವ ಪಾತ್ರೆಯನ್ನೇ ನೋಡುತ್ತ ಮಲಗಿ, ಬೆಳಗಾಗುವುದರೊಳಗೆ ಕೆನ್ನೆಯ ಮೇಲೊಂದು ಕಂದು ಮಚ್ಚೆ ಬರಿಸಿಕೊಳ್ಳುತ್ತದೆ.