ಗಿಣ್ಣ ಯಾರು ಕುಡಿದರು?

ಪರಮಪೂಜ್ಯ ನಿರ್ವಾಣಯ್ಯ ಅಜ್ಜನವರು ಕಲ್ಹಳ್ಳದ ಮಠದ ಗದ್ದುಗೆಯ ಮೇಲೆ ಕೂತದ್ದನ್ನು ಕಂಡವರಿಲ್ಲ. ಅವರು ಕೂಡುತ್ತಿದ್ದುದು ದನದ ಕೊಟ್ಟಿಗೆಯಲ್ಲಿ, ಹರಿದ ಗೋಣಿತಟ್ಟಿನ ಮೇಲೆ, ಪುಂಡಿನಾರಿನ ಹಗ್ಗ ಹೊಸೆಯುತ್ತ. ಅವರು ಹೊಸೆದ ಹಗ್ಗ ಹರಿದದ್ದೇ ಇಲ್ಲ. ಒಮ್ಮೆ ಮಹಾಪೂರದಲ್ಲಿ ತೇಲಿಹೋಗುತ್ತಿದ್ದ ಇಡೀ ಬಣವೆಯನ್ನು, ಮೇಲೆ ಕೂತ ಹದಿನಾಲ್ಕು ಜನರ ಸಮೇತ, ಆ ಹಗ್ಗದ ಒಂದೇ ಎಳೆಯಿಂದ ದಡಕ್ಕೆ ಎಳೆದದ್ದುಂಟು. ಹದಿನಾಲ್ಕು ಜನ, ಒಂದು ನಾಯಿ. ನಾಯಿಯನ್ನು ಬಿಟ್ಟು ಹೇಳುವವರು ಈ ಸಂಗತಿಯನ್ನು ಅರ್ಧ ಮಾತ್ರ ಬಲ್ಲವರು.

ಅಂಥ ಮಹಾತ್ಮರ ಬಳಿಗೆ ಒಂದು ಮುಂಜಾನೆ ಪಕ್ಕದೂರಿನ ನಿಂಬೆವ್ವ ಬಂದಳು. ದನ ಸಾಕುವುದರಲ್ಲಿ ಏಳು ಹಳ್ಳಿಗೆ ಆಕೆಯದೊಂದೇ ಕೈ. ಆಕೆಯ ಕೆಂದಾಕಳು ಈದರೆ ಹಾಲು ಕೊಡ ತುಂಬಿ, ಹಂಡೆ ತುಂಬಿ, ಅಂಗಳಕ್ಕೆ ಹರಿದು, ಓಣಿಯ ಬೆಕ್ಕುಗಳು ಈಜು ಕಲಿತಿದ್ದವು. ಆದರೆ ಸ್ವಾಮಿಗಳನ್ನು ನಂಬುವ ಪೈಕಿ ಅಲ್ಲ. ಕಾವಿಯೆಂದರೆ ದುಡಿಯಲಾರದವರ ಬಟ್ಟೆ ಎಂದು ಮೂಗು ಮುರಿಯುವ ಹೆಂಗಸು.

ಆಕೆಯನ್ನು ಮಠಕ್ಕೆ ಎಳೆತಂದದ್ದು ಒಂದು ತೊಟ್ಟಿಲು. ಸೊಸೆ ಕಸ್ತೂರಿ ಎರಡು ಸಲ ಹಡೆದಿದ್ದಳು. ಒಂದು ಕೂಸು ಒಂಬತ್ತನೆಯ ದಿನ ಹೋಯಿತು, ಇನ್ನೊಂದು ಹನ್ನೊಂದನೆಯ ದಿನ. ಎರಡಕ್ಕೂ ಹೆಸರಿಟ್ಟಿರಲಿಲ್ಲ. ಹೆಸರಿಲ್ಲದವರನ್ನು ನೆನೆಯುವುದಾದರೂ ಹೇಗೆ? ಖಾಲಿ ತೊಟ್ಟಿಲು ತೂಗಬಾರದೆಂದು ಗೊತ್ತಿದ್ದೂ ನಿಂಬೆವ್ವ ಕಸ ಹೊಡೆಯುವಾಗ ಅದಕ್ಕೆ ಕೈ ತಾಗಿಸುತ್ತಿದ್ದಳು. ಅದು ಎರಡು ಸಲ ಕಿರುಗುಟ್ಟಿ ನಿಲ್ಲುತ್ತಿತ್ತು. ಕಸಬರಿಗೆ ಹಿಡಿದು ಆಕೆಯೂ ನಿಲ್ಲುತ್ತಿದ್ದಳು. ಈಗ ಸೊಸೆಗೆ ಮತ್ತೆ ಏಳು ತಿಂಗಳು. ಇದೂ ಕೈಬಿಟ್ಟರೆ ತೊಟ್ಟಿಲನ್ನು ಒಲೆಗೆ ಹಾಕುವೆನೆಂದು ನಿಂಬೆವ್ವ ಗಂಡನ ಮುಂದೆ ಹೇಳಿದ್ದಳು. ಹೇಳಿ, ತಾನೇ ಅತ್ತಿದ್ದಳು.

ಹಿಂದಿನ ದಿನ ಕೆಂದಾಕಳು ಈದಿತ್ತು. ಈದ ಆಕಳ ಮೊದಲ ಹಾಲು, ಗಿಣ್ಣ, ಮಠಕ್ಕೆ ಮುಟ್ಟಿಸುವುದು ಆ ಕಡೆಯ ರೂಢಿ. ನಿಂಬೆವ್ವ ಹಿತ್ತಾಳೆಯ ಬೋಗುಣಿ ತುಂಬ ಗಿಣ್ಣದ ಹಾಲು ತಂದು ಅಜ್ಜನವರ ಮುಂದಿಟ್ಟು, ಕೂಸು ಉಳಿಯುವಂಥ ಒಂದು ತಾಯಿತ ಬೇಕೆಂದಳು.

ಅಜ್ಜನವರು ಬೋಗುಣಿ ನೋಡಿದರು, ಮುಟ್ಟಲಿಲ್ಲ.

"ಕರು ಕುಡೀತೇನವ್ವ?"

ನಿಂಬೆವ್ವನಿಗೆ ಸಿಟ್ಟೇ ಬಂತು. "ಏನ್ ಕೇಳ್ತೀರಿ ಅಜ್ಜಾರ. ಅದು ಎದ್ದು ನಿಲ್ಲೂ ಮೊದಲ ನಾನ ಎತ್ತಿ ಮೊಲಿಗೆ ಹಚ್ಚೀನ್ರಿ. ಅದರ ಹೊಟ್ಟಿ ತುಂಬಿ ಉಳಿದದ್ದು ಇದು. ಗಿಣ್ಣ ಕುಡಿಲಾರದ ಕರು ಉಳೀತೈತೇನ್ರಿ? ಬರೇ ಹಗ್ಗ ಹೊಸೆದ್ರ ಇದು ತಿಳಿಯೂದಿಲ್ಲ ಬಿಡ್ರಿ."

ಅಜ್ಜನವರ ಕೈಯ ಹಗ್ಗ ನಿಂತಿತು. ಹೆಡೆಯೆತ್ತಿದ ಸರ್ಪ ಎದುರು ಬಂದು ಕೂತಾಗಲೂ ನಿಲ್ಲದ ಕೈ ಅದು. ಬೇಸತ್ತು ಸರ್ಪವೇ ಎದ್ದು ಹೋಗಿತ್ತು.

"ಮತ್ತ ನಿನ್ನ ಸೊಸಿ ಗಿಣ್ಣ ಯಾರು ಕುಡಿದ್ರವ್ವ?"

ನಿಂಬೆವ್ವ ನಗಲು ಬಾಯಿ ತೆರೆದಳು. ಹೆಂಗಸಿನ ಹಾಲಿಗೆ ಯಾರಾದರೂ ಗಿಣ್ಣ ಎನ್ನುತ್ತಾರೆಯೇ? ಅದು ಕೆಟ್ಟ ಹಾಲು. ಮೂರು ದಿನ ಹಿಂಡಿ ಚೆಲ್ಲಿ, ಕೂಸಿಗೆ ಬೆಲ್ಲದ ನೀರಲ್ಲಿ ಅದ್ದಿದ ಅರಳೆ ನೆಕ್ಕಿಸಬೇಕು. ಅತ್ತೆ ಮಾಡಿದ್ದು ಹಾಗೆ, ಅತ್ತೆಯ ಅತ್ತೆ ಮಾಡಿದ್ದೂ ಹಾಗೆ. ಚೆಲ್ಲಬೇಡಿರೆಂದು ದವಾಖಾನೆಯ ನರ್ಸಬಾಯಿ ಮನೆಗೆ ಬಂದು ಹೇಳಿದಾಗ, ಒಂದೂ ಹಡೆಯದಾಕಿ ನನಗೆ ಕಲಿಸಲು ಬಂದಳೆಂದು ಬಾಗಿಲಿನಿಂದಲೇ ಕಳಿಸಿದ್ದಳು. ಅರಿಶಿನದ ಬಣ್ಣ, ಗಟ್ಟಿ, ಅಂಟು ಅಂಟು, ಅದೇನು ಹಾಲೇ?

ಆಗ ಕಣ್ಣು ಬೋಗುಣಿಯ ಮೇಲೆ ಬಿತ್ತು. ಅರಿಶಿನದ ಬಣ್ಣ. ಗಟ್ಟಿ.

ಸೊಸೆಯ ಹಾಲನ್ನು ತುಳಿದಾಡುವ ಕಡೆ ಚೆಲ್ಲಬಾರದೆಂದು ತಾನೇ ತಂಬಿಗೆ ಹಿಡಿದು ಹಿತ್ತಲಿನ ನುಗ್ಗೆಗಿಡದ ಬುಡಕ್ಕೆ ಸುರಿದಿದ್ದಳು, ಎರಡೂ ಸಲ. ಆ ಗಿಡ ಮಾಳಿಗೆ ದಾಟಿ ಬೆಳೆದು, ಆಳುದ್ದದ ಕಾಯಿ ಬಿಟ್ಟು, ಕಾಗೆಗಳು ಅದರ ತುದಿಗೆ ಹಾರಲಾರದೆ ನಡುವೆ ಕೂತು ದಣಿವಾರಿಸಿಕೊಳ್ಳುತ್ತಿದ್ದವು.

"ನುಗ್ಗಿಗಿಡ ಕುಡೀತ್ರಿ," ಎಂದಳು.

ಆ ಗಿಡವನ್ನು ಈಗಲೇ ಹೋಗಿ ಕಡಿಯುವೆನೆಂದು ಎದ್ದಳು.

"ಗಿಡದ್ದೇನು ತಪ್ಪು?" ಎಂದರು ಅಜ್ಜನವರು. "ಅದರ ತಪ್ಪಲ ಸೊಸಿಗೆ ಉಣ್ಣಾಕ ಹಾಕು. ಇಸ್ಕೊಂಡಿದ್ದು ತಿರುಗಿ ಕೊಡ್ಲಿ. ದವಾಖಾನಿ ನರ್ಸಬಾಯಿ ಮಾತು ಕೇಳು."

ತಾಯಿತ ಎಂದು ಆಕೆ ಮೆಲ್ಲಗೆ ನೆನಪು ಮಾಡಿದಳು.

"ತಾಯಿನ ಇರುವಾಗ ತಾಯಿತ ಯಾಕವ್ವ?"

ಆ ದಿನದಿಂದ ಆ ಮನೆಯಲ್ಲಿ ಗಂಡಸರಿಗಿಂತ ಮೊದಲು ಕಸ್ತೂರಿಯ ತಾಟಿಗೆ ರೊಟ್ಟಿ ಬಿತ್ತು, ನುಗ್ಗೆಸೊಪ್ಪಿನ ಪಲ್ಯ ಬಿತ್ತು. ನಿಂಬೆವ್ವ ತಾನೇ ಚಕ್ಕಡಿ ಕಟ್ಟಿಸಿ ದವಾಖಾನೆಗೆ ಕರೆದೊಯ್ದಳು. ಹೆರಿಗೆ ಅಲ್ಲಿಯೇ ಆಯಿತು. ನರ್ಸಬಾಯಿ ಕೂಸಿನ ಮೈ ಒರೆಸಿದ್ದೇ ತಡ, ನಿಂಬೆವ್ವ ಅದನ್ನು ತಾಯಿಯ ಎದೆಗೆ ಹಚ್ಚಿದಳು. ಬೆಲ್ಲದ ನೀರು ತಂದ ನೆರೆಯವಳಿಗೆ, ನಿನ್ನ ಆಕಳ ಕರುವಿಗೂ ಇದನ್ನೇ ಕುಡಿಸುತ್ತೀಯೇನೆಂದು ಕೇಳಿ ಮರಳಿ ಕಳಿಸಿದಳು. ಆರು ತಿಂಗಳು ಕೂಸಿಗೆ ಎದೆಹಾಲೇ, ಬೇರೆ ಹನಿ ನೀರೂ ಇಲ್ಲ. ಆಮೇಲೆ ಎದೆಹಾಲಿನ ಜೊತೆಗೆ ಮೆತ್ತಗಿನ ಅನ್ನ, ಬೇಳೆ. ತೊಟ್ಟಿಲು ಆ ವರ್ಷ ನಿಲ್ಲಲಿಲ್ಲ.

ಮರುವರ್ಷ ಕೆಂದಾಕಳು ಮತ್ತೆ ಈದಿತು. ನಿಂಬೆವ್ವ ಮಠಕ್ಕೆ ಬಂದಳು, ಕೈಯಲ್ಲಿ ಬೋಗುಣಿ ಇರಲಿಲ್ಲ. ಸೊಂಟದ ಮೇಲೆ ಮೊಮ್ಮಗನಿದ್ದ. ವರ್ಷ ತುಂಬುವಷ್ಟರಲ್ಲಿ ದನದ ಗೂಟ ಕೀಳುತ್ತಿದ್ದ ಭೀಮ ಅವನು.

"ಮಠದ ಗಿಣ್ಣ ಎಲ್ಲೈತವ್ವ?"

"ಈ ಸಲ ನಮ್ಮ ಕರುನ ಎಲ್ಲಾ ಕುಡೀತ್ರಿ ಅಜ್ಜಾರ."

ಅಜ್ಜನವರು ಕೊಟ್ಟಿಗೆ ತುಂಬ ನಕ್ಕರು. ನಿಂಬೆವ್ವ ನಗಲಿಲ್ಲ. ಮಗುವನ್ನು ಅವರ ಪಾದದ ಹತ್ತಿರ ಇಳಿಸಿ, ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಇವಗ ಹೆಸರು ಐತ್ರಿ. ಮುಂಚೆ ಹೋದವಲ್ಲ, ಆ ಎರಡಕ್ಕೂ ಒಂದೊಂದು ಹೆಸರು ಕೊಡ್ರಿ. ಕರಿಯಾಕ ಬೇಕಾಗ್ಯಾವ."

ಅಜ್ಜನವರು ಕಣ್ಣು ಮುಚ್ಚಿ, ಆಕೆಯ ಕಿವಿಯಲ್ಲಿ ಎರಡು ಹೆಸರು ಹೇಳಿದರು.

ಅಲ್ಲಿಂದ ಮುಂದೆ ಬಸುರಿಯಿರುವ ಪ್ರತಿ ಮನೆಗೂ ನಿಂಬೆವ್ವ ಯಾರೂ ಕರೆಯದಿದ್ದರೂ ಹೋಗಿ, ಗಿಣ್ಣ ಯಾರು ಕುಡಿಯುತ್ತಾರೆಂದು ಕೇಳಿಯೇ ಬರುತ್ತಿದ್ದಳು. ಮತ್ತೆ ದಿನಾ ದೀಪ ಹಚ್ಚುವ ಹೊತ್ತಿಗೆ ನುಗ್ಗೆಗಿಡದ ಕೆಳಗೆ ನಿಂತು, ಮೂರು ಹೆಸರು ಹಿಡಿದು ಕೂಗುತ್ತಿದ್ದಳು. ಒಂದು ಓಡಿ ಬರುತ್ತಿತ್ತು.