ಪಂಚರ್ ಇನಾಸಣ್ಣನ ಗಾಳಿದೋಣಿ

ಅರಬ್ಬೀ ಸಮುದ್ರವನ್ನು ನಾನು ಹಿತ್ತಾಳೆ ಹರಿವಾಣದಲ್ಲಿ ಕೂತು ದಾಟಿದ್ದೇನೆ. ಮಸ್ಕತ್ತಿನಲ್ಲಿ ಖರ್ಜೂರ ತಿಂದು, ಬೀಜ ಅಲ್ಲೇ ಉಗಿದು, ಸಂಜೆ ದೀಪ ಹಚ್ಚುವುದರೊಳಗೆ ಮನೆ ಸೇರಿದ್ದೇನೆ. ಸುಳ್ಳು. ಹೊಳೆ ದಾಟಿಸುವ ದೋಣಿಯಲ್ಲೇ ನನಗೆ ವಾಂತಿ ಬರುತ್ತದೆ. ಆದರೆ ಮುಂದಿನದ್ದು ಸತ್ಯ. ಒಂದೆರಡು ಕಡೆ ಉಪ್ಪು ಹೆಚ್ಚಾಗಿರಬಹುದು, ಅಷ್ಟೆ.

ನಮ್ಮ ಕಡಲತಡಿಯ ಊರಿನಲ್ಲಿ ಇನಾಸಣ್ಣ ಎಂಬವನಿದ್ದ. ಪಂಚರ್ ಅಂಗಡಿ ಇಟ್ಟಿದ್ದ. ಹುಟ್ಟಿದಾಗಿನಿಂದ ಸಮುದ್ರದ ಪಕ್ಕದಲ್ಲೇ ಇದ್ದರೂ ಒಂದು ಬಂಗುಡೆ ಮೀನನ್ನೂ ಸ್ವಂತ ಕೈಯಿಂದ ಹಿಡಿದವನಲ್ಲ. ಹೆಂಡತಿ ಸೆರಫಿನ್ ಬಾಯಿ ಇದನ್ನು ಅವನಿಗೆ ಆಗಾಗ, ಅಂದರೆ ದಿನಾ, ನೆನಪಿಸುತ್ತಿದ್ದಳು.

ಒಮ್ಮೆ ಯಾರೋ ಪ್ರವಾಸಿಗರು ಒಂದು ರಬ್ಬರಿನ ಗಾಳಿದೋಣಿಯನ್ನು ಪಂಚರ್ ಹಾಕಲಿಕ್ಕೆ ಕೊಟ್ಟುಹೋದರು. ಎರಡು ಮಳೆಗಾಲ ಕಳೆದರೂ ಒಯ್ಯಲು ಬರಲಿಲ್ಲ. ಇನಾಸಣ್ಣ ಏಳು ಕಡೆ ತೇಪೆ ಹಾಕಿದ, ಗಾಳಿ ತುಂಬಿದ, ನೀರಿಗೆ ಅದ್ದಿ ನೋಡಿದ. ಒಂದು ಗುಳ್ಳೆ ಏಳಲಿಲ್ಲ. ಮರುದಿನ ಬೆಳಿಗ್ಗೆ ದೋಣಿ ಹೊತ್ತು, ಗಾಳ ಹಿಡಿದು, ಮೀನು ತುಂಬಲಿಕ್ಕೆಂದು ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿಯನ್ನೂ ತೆಗೆದುಕೊಂಡು ದಡಕ್ಕೆ ಬಂದ. ಡಬ್ಬಿಯ ಗಾತ್ರ ನೋಡಿದರೆ ತಿಮಿಂಗಿಲವೂ ಬೆವರಬೇಕು.

ಸಮುದ್ರ ತಟ್ಟೆಯ ಹಾಗೆ ಸಪಾಟಾಗಿತ್ತು. ಬಲೆ ಬಿಡಿಸುತ್ತ ಕೂತಿದ್ದ ಮುದುಕ ಬಚ್ಚ ಮರಕಾಲ ತಲೆಯೆತ್ತಿ, "ಇವತ್ತು ಬೇಡ ಇನಾಸ. ಮೂಡುಗಾಳಿ ಇದೆ," ಎಂದ.

"ಎಲ್ಲಿ ಬಚ್ಚಜ್ಜ? ಒಂದು ತೆರೆ ಸಹ ಇಲ್ಲವಲ್ಲ!"

"ಗಾಳಿ ನಮ್ಮ ಬೆನ್ನ ಹಿಂದಿಂದ ಬರ್ತಾ ಉಂಟು ಮಾರಾಯ, ನೆಲದಿಂದ ಕಡಲಿಗೆ. ಅದಕ್ಕೇ ದಡದಲ್ಲಿ ಸಪಾಟು. ನಿನ್ನ ದೋಣಿ ನೀರಲ್ಲಿ ಕೂರುವ ಜಾತಿಯಲ್ಲ, ನೀರಿನ ಮೇಲೆ ತೇಲುವ ಎಲೆ. ಹೋಗುವಾಗ ಹುಟ್ಟು ಹಾಕುವುದೇ ಬೇಡ. ಬರುವಾಗ ಹಾಕಿದರೂ ಪ್ರಯೋಜನ ಇಲ್ಲ."

ಇನಾಸಣ್ಣನಿಗೆ ರೋಷ ಬಂತು. "ಗಾಳಿಯ ವಿಷಯ ನನಗೆ ಹೇಳ್ತೀರಾ? ಲಾರಿಗೆ ಎಷ್ಟು, ಸ್ಕೂಟರಿಗೆ ಎಷ್ಟು ಅಂತ ಕಣ್ಣುಮುಚ್ಚಿ ಹೇಳುವವ ನಾನು. ಒತ್ತಿ ನೋಡಿ!" ಎಂದು ಹೆಬ್ಬೆರಳಿನಿಂದ ದೋಣಿಯನ್ನು ಒತ್ತಿದ. ದೋಣಿ ಕಲ್ಲಿನ ಹಾಗಿತ್ತು. ಬಚ್ಚಜ್ಜ ಮತ್ತೆ ಬಲೆ ಬಿಡಿಸತೊಡಗಿದ.

ಸೆರಫಿನ್ ಬಾಯಿ ಅಷ್ಟಕ್ಕೆ ಬಿಡಲಿಲ್ಲ. ಮನೆಯ ಬಾವಿಹಗ್ಗ, ಬಟ್ಟೆ ಒಣಗಿಸುವ ಹಗ್ಗ, ನೆರೆಮನೆಯ ದನದ ಹಗ್ಗ ಎಲ್ಲ ಗಂಟುಹಾಕಿ ತಂದಿದ್ದಳು. ಒಟ್ಟು ಮುನ್ನೂರು ಮಾರು. ಸರಿ, ಅರವತ್ತು ಎನ್ನಿ. "ಹೋಗಿ, ಅಡ್ಡಿಯಿಲ್ಲ. ಆದರೆ ದೋಣಿಗೆ ಇದನ್ನು ಕಟ್ಟಿ ಹೋಗಿ. ಈಚೆ ತುದಿ ನಾನು ಹಿಡಿದುಕೊಳ್ತೇನೆ. ನಾನು ಒಮ್ಮೆ ಎಳೆದರೆ ನೀವೂ ಒಮ್ಮೆ ಎಳೆಯಿರಿ. ಬದುಕಿದ್ದೀರಿ ಅಂತ ತಿಳೀತೇನೆ."

ಇನಾಸಣ್ಣ ಗೊಣಗುತ್ತ ಕಟ್ಟಿಸಿಕೊಂಡು ಹೊರಟ. ಹಗ್ಗ ಮುಗಿಯುವಲ್ಲಿ ದೋಣಿ ನಿಂತಿತು. ಅವನು ಗಾಳ ಹಾಕಿ ರಾಜನ ಹಾಗೆ ಕೂತ. ಆಗ ದಡದಿಂದ ಯಾರೋ ಕೂಗಿದರು: "ಹೋಯ್ ಬಾಯಮ್ಮ, ಕರುವನ್ನು ಮೇಯಲಿಕ್ಕೆ ಬಿಟ್ಟದ್ದಾ? ಸಂಜೆ ಹಾಲು ಕರೆಯುವಾಗ ಎಳ್ಕೊಳ್ತೀರಾ?"

ದಡವೆಲ್ಲ ಬಿದ್ದು ಬಿದ್ದು ನಕ್ಕಿತು. ಕೂಗಿದವ ಯಾರು ಎಂದು ಕೇಳಬೇಡಿ. ಆಯಿತು, ನಾನೇ.

ಇನಾಸಣ್ಣನ ಕಿವಿ ಕೆಂಪಾಯಿತು. ಯಾರಿಗೂ ಕಾಣದ ಹಾಗೆ ಹಗ್ಗ ಬಿಚ್ಚಿದ. ಡಬ್ಬಿಯ ಮುಚ್ಚಳ ಬಿಗಿದು, ಅದರ ಹಿಡಿಗೆ ಹಗ್ಗ ಕಟ್ಟಿ ನೀರಿಗೆ ಬಿಟ್ಟ. ದೋಣಿ ಹಗುರವಾಗಿ ಮುಂದೆ ಜಾರಿತು. ಹುಟ್ಟು ಮುಟ್ಟುವ ಅಗತ್ಯವೇ ಬರಲಿಲ್ಲ.

ಇತ್ತ ಸೆರಫಿನ್ ಬಾಯಿ ಒಮ್ಮೆ ಎಳೆದಳು. ಗಾಳಿ ಡಬ್ಬಿಯನ್ನು ಆಚೆ ತಳ್ಳಿತು, ಹಗ್ಗ ಒಮ್ಮೆ ಜಗ್ಗಿತು. ಅವಳಿಗೆ ಖುಷಿಯಾಯಿತು. "ನೋಡು, ಮದುವೆಯಾದ ಮೇಲೆ ಕರೆದ ಕೂಡಲೇ ಉತ್ತರ ಕೊಟ್ಟದ್ದು ಇದೇ ಮೊದಲು," ಎಂದಳು ನನ್ನ ಹತ್ತಿರ. ಮತ್ತೆ ಎಳೆದಳು, ಮತ್ತೆ ಉತ್ತರ ಬಂತು. ಮೂರನೆಯ ಸಲವೂ ಬಂತು. ನಾಲ್ಕನೆಯ ಸಲ ಉತ್ತರ ಬಂದಾಗ ಅವಳ ಮುಖ ಬಿಳಚಿಕೊಂಡಿತು.

"ಇಷ್ಟು ಹೇಳಿದ ಮಾತು ಕೇಳುವ ಮನುಷ್ಯ ನನ್ನ ಗಂಡ ಅಲ್ಲ!"

ಹಗ್ಗವನ್ನು ಸರಸರನೆ ಎಳೆದಳು. ಡಬ್ಬಿ ಕುಣಿಯುತ್ತ ದಡಕ್ಕೆ ಬಂತು. ದೋಣಿ ಎಲ್ಲಿ ಎಂದು ನೋಡಿದರೆ, ದೂರದಲ್ಲಿ ಒಂದು ಸಾಸಿವೆ ಕಾಳು.

ಆ ಸಾಸಿವೆ ಕಾಳಿನೊಳಗೆ ಇನಾಸಣ್ಣ ಹುಟ್ಟು ಹಾಕುತ್ತಿದ್ದ. ದೋಣಿ ನಿಂತಲ್ಲೇ ಬುಗುರಿಯಂತೆ ತಿರುಗಿ, ತಿರುಗಿದಷ್ಟೂ ದೂರ ಹೋಗುತ್ತಿತ್ತು. ಈಗ ತೆರೆಗಳೂ ಎದ್ದಿದ್ದವು. ತೆಂಗಿನ ಮರಗಳು ಕಡ್ಡಿಯಾದವು, ಆಮೇಲೆ ಕಾಣದಾದವು. ಕೂಗಿ ಕೂಗಿ ಗಂಟಲು ಕಟ್ಟಿತು.

ಬಚ್ಚಜ್ಜ ಮೋಟಾರು ದೋಣಿ ನೀರಿಗಿಳಿಸಿದ. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ನನ್ನ ಕಿವಿ. "ಬಾ, ದೂರ ನೋಡಲಿಕ್ಕೆ ಕಣ್ಣು ಬೇಕು. ಬಾಯಿ ಮುಚ್ಚಿಕೋ." ದಾರಿಯುದ್ದಕ್ಕೂ ನನ್ನ ಬಾಯಿ ಮುಚ್ಚಲು ನನ್ನ ಹೊಟ್ಟೆ ಬಿಡಲಿಲ್ಲ. ಆದರೆ ಕಣ್ಣನ್ನು ಮಾತ್ರ ನೀರಿನಿಂದ ಕೀಳಲಿಲ್ಲ. ಎರಡು ತೆರೆಗಳ ನಡುವೆ ಕೊನೆಗೆ ಅವನನ್ನು ಕಂಡದ್ದು ನಾನೇ. ಇದು ಸುಳ್ಳಲ್ಲ, ಬಚ್ಚಜ್ಜನನ್ನು ಕೇಳಿ.

ದೋಣಿಯ ತಳಕ್ಕೆ ಅಂಟಿಕೊಂಡು ಮಲಗಿದ್ದ ಇನಾಸಣ್ಣ ನಮ್ಮನ್ನು ನೋಡಿ ಹೇಳಿದ ಮೊದಲ ಮಾತು: "ಬಚ್ಚಜ್ಜ, ಒಂದು ಚೂರು ಗಾಳಿ ಇಳಿದಿಲ್ಲ, ಒತ್ತಿ ನೋಡಿ!" ಆಮೇಲೆ ಬಿಕ್ಕಿ ಬಿಕ್ಕಿ ಅತ್ತ.

ದಡಕ್ಕೆ ಬಂದಾಗ ಸೆರಫಿನ್ ಬಾಯಿ ಗಂಡನಿಗೆ ಒಂದು ಮಾತೂ ಬಯ್ಯಲಿಲ್ಲ. ತನ್ನ ಸೆರಗಿನಿಂದ ಅವನ ತಲೆ ಒರೆಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಬೆಳಿಗ್ಗೆ ಎಲ್ಲರನ್ನೂ ನಗಿಸಿದ್ದು ನೀನಲ್ವಾ? ಈಗ ಇವರನ್ನು ಒಮ್ಮೆ ನಗಿಸು, ನೋಡುವ."

ಊರಿನಲ್ಲಿ ನನ್ನಷ್ಟು ತಮಾಷೆ ಗೊತ್ತಿರುವವನು ಇನ್ನೊಬ್ಬನಿಲ್ಲ. ಆವತ್ತು ಒಂದೂ ನೆನಪಾಗಲಿಲ್ಲ.

ನೀತಿ: ಗಾಳಿದೋಣಿಯಲ್ಲಿ ಕಡಲಿಗೆ ಹೋಗುವವನು ಒಳಗಿನ ಗಾಳಿ ಎಷ್ಟಿದೆ ಎಂದು ನೋಡಿದರೆ ಸಾಲದು, ಹೊರಗಿನ ಗಾಳಿ ಎತ್ತ ಬೀಸುತ್ತಿದೆ ಎಂದೂ ನೋಡಬೇಕು. ಅದು ನೆಲದಿಂದ ಕಡಲಿಗೆ ಬೀಸುತ್ತಿದ್ದರೆ ಸಮುದ್ರ ಎಷ್ಟೇ ಸಪಾಟಾಗಿರಲಿ, ಆ ದಿನ ಮೀನನ್ನು ಪೇಟೆಯಿಂದ ತನ್ನಿ. ಯಾರೋ ನಕ್ಕರೆಂದು ಹಗ್ಗ ಬಿಚ್ಚಬೇಡಿ. ಇನ್ನು, ನನ್ನ ಹಾಗೆ ನಗಿಸುವವರಿಗೆ ಬೇರೆ ನೀತಿ: ಜೀವ ಉಳಿಸಿಕೊಳ್ಳಲೆಂದು ಒಬ್ಬ ಕಟ್ಟಿಕೊಂಡದ್ದನ್ನು ಕಂಡು ಗೇಲಿ ಮಾಡಬೇಡಿ.

ಒಂದು ಕಥೆಗೆ ಎರಡು ನೀತಿ ಕೊಟ್ಟಿದ್ದೇನೆ. ಇಷ್ಟು ಹೊತ್ತಿಗೆ ನನ್ನ ಚಹಾ ಮುಗಿದಿದೆ, ಕಿಸೆಯಲ್ಲಿ ಕೈ ಹಾಕಿದರೆ ಬರೀ ಕಿಸೆ. ಈ ಚಹಾದ ದುಡ್ಡೊಂದನ್ನು ನೀವು ಕೊಟ್ಟುಬಿಡಿ, ಮಾರಾಯ್ರೆ.