ಕೊಕ್ಕರೆ ಬಡಿಸಿದ ನೊಣ

ನೀರ ಮೇಲೆ ಸತ್ತ ನೊಣ ತೇಲಿಬಿಟ್ಟು ಮೀನು ಹಿಡಿಯುವ ವಿದ್ಯೆಯನ್ನು ಕೊಕ್ಕರೆಯೊಂದು ತನ್ನ ಸೋದರಮಾವನಿಂದ ಕಲಿತು ಬಂತು. "ನೊಣ ಬಿಡು, ಬಾಯಿ ಮುಚ್ಚಿಕೊಂಡು ನಿಲ್ಲು, ಅಷ್ಟೇ" ಎಂದಿದ್ದ ಮಾವ. ಕೊಕ್ಕರೆ ಹಾಗೇ ನಿಂತಿತು. ಆದರೆ ಹಸಿದ ಹೊಟ್ಟೆ ಕೇಳಬೇಕಲ್ಲ! ಮೀನು ಬಾರದಿದ್ದರೆ ನೊಣವೂ ಹೋಯಿತಲ್ಲ ಎಂದು ಹೆದರಿ, ಬಿಟ್ಟ ನೊಣವನ್ನೆಲ್ಲ ಒಂದೊಂದಾಗಿ ತಾನೇ ನುಂಗತೊಡಗಿತು.

ಕೊನೆಯ ನೊಣವನ್ನೂ ಕೊಕ್ಕಿಗೆತ್ತಿಕೊಂಡಾಗ ದಪ್ಪ ಮೀನೊಂದು ತಲೆ ಹೊರಹಾಕಿತು. "ಏನು ಸ್ವಾಮಿ, ಊಟಕ್ಕೆ ಕರೆದು, ಎಲೆಗೆ ಬಡಿಸಿದ್ದನ್ನು ನೀವೇ ಉಣ್ಣುವುದೇ? ಇದು ಯಾವ ಊರ ಮರ್ಯಾದೆ?"

"ನನಗೇ ಮರ್ಯಾದೆ ಕಲಿಸುತ್ತೀಯಾ?" ಎಂದು ಕೊಕ್ಕರೆ ಕೂಗಾಡತೊಡಗಿತು. ಬಾಯಲ್ಲಿದ್ದ ನೊಣ ನೀರಿಗೆ ಬಿತ್ತು. ಮೀನು ಕೊಕ್ಕರೆಯ ಕಾಲ ಬುಡದಲ್ಲೇ ಅದನ್ನು ನಿಧಾನವಾಗಿ ತಿಂದು, "ಅನ್ನದಾತಾ ಸುಖೀಭವ" ಎಂದು ಹರಸಿ ಮುಳುಗಿತು.

ಕೊಕ್ಕರೆ ಇನ್ನೂ ಬೈಯುತ್ತಲೇ ಇತ್ತು.